ಮುಳುಗುಗಾರರ ಗಾಳಿಯ ಲೆಕ್ಕ ಮತ್ತು ಒಂದು ಪುಟ್ಟ ಸೆಲ್

ಮಕ್ಕಳೇ, ನೀವು ಎಷ್ಟು ಹೊತ್ತು ಉಸಿರು ಬಿಗಿಹಿಡಿಯಬಲ್ಲಿರಿ? ಗಡಿಯಾರ ನೋಡಿಕೊಂಡು ಪ್ರಯತ್ನಿಸಿ. ಅರ್ಧ ನಿಮಿಷ ದಾಟುವಷ್ಟರಲ್ಲಿ ಸಾಕಪ್ಪಾ ಅನ್ನಿಸುತ್ತದೆ, ಅಲ್ಲವೇ? ಆದರೆ ಕಡಲಿನ ಆಳಕ್ಕಿಳಿದು ಮುಕ್ಕಾಲು ಗಂಟೆ ಮೀನು, ಹವಳಗಳ ನಡುವೆ ಈಜಾಡಿ ಬರುವವರೂ ಇದ್ದಾರೆ. ಉತ್ತರ ಕನ್ನಡ ಜಿಲ್ಲೆಯ ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ ಹೀಗೆ ಮುಳುಗುವವರನ್ನು ನೋಡಬಹುದು. ಅವರು ಉಸಿರು ಬಿಗಿಹಿಡಿಯುವುದಿಲ್ಲ. ಬೇಕಾದ ಗಾಳಿಯನ್ನು ಬೆನ್ನ ಮೇಲೆ ಹೊತ್ತೊಯ್ಯುತ್ತಾರೆ. ಈ ವ್ಯವಸ್ಥೆಗೆ ಸ್ಕೂಬಾ ಎಂದು ಹೆಸರು. ಫ್ರಾನ್ಸಿನಲ್ಲಿ 1943ರಲ್ಲಿ ನೌಕಾಪಡೆಯ ಅಧಿಕಾರಿ ಜಾಕ್ ಕೂಸ್ತೊ ಮತ್ತು ಇಂಜಿನಿಯರ್ ಎಮಿಲ್ ಗಾನ್ಯಾ ಸೇರಿ ಇಂದಿನ ಸ್ಕೂಬಾ ಸಾಧನದ ಮೊದಲ ರೂಪವನ್ನು ಸಿದ್ಧಪಡಿಸಿದರು.

ಬೆನ್ನ ಮೇಲಿನ ಗಾಳಿ ಮುಗಿಯುವ ಮೊದಲೇ ಮುಳುಗುಗಾರ ಮೇಲೆ ಬರಬೇಕು. ಹಾಗಾದರೆ ಎಷ್ಟು ಗಾಳಿ ಉಳಿದಿದೆ ಎಂದು ಅವನಿಗೆ ತಿಳಿಯುವುದು ಹೇಗೆ? ಈಗ ಅನೇಕರಿಗೆ ಅದನ್ನು ತಿಳಿಸುವುದು ತಂತಿಯಿಲ್ಲದ ಒಂದು ಪುಟ್ಟ ಯಂತ್ರ. ಆ ಯಂತ್ರವನ್ನು ನಡೆಸುವುದು ನಿಮ್ಮ ಹೆಬ್ಬೆರಳಿನಷ್ಟು ದಪ್ಪದ ಒಂದು ಸೆಲ್. ಆ ಸೆಲ್ ಎಷ್ಟು ಕಾಲ ಬಾಳುತ್ತದೆ, ಅದನ್ನು ಯಾವಾಗ ಬದಲಿಸಬೇಕು ಎಂಬುದು ನೀರಿನ ಆಳದಲ್ಲಿ ಸಣ್ಣ ಪ್ರಶ್ನೆಯಲ್ಲ. ಬನ್ನಿ, ಅದರ ವಿಜ್ಞಾನವನ್ನು ತಿಳಿಯೋಣ.

ಸಿಲಿಂಡರಿನಲ್ಲಿ ಎಷ್ಟು ಗಾಳಿ?

ನಮ್ಮ ಸುತ್ತಲಿನ ಗಾಳಿಯ ಒತ್ತಡ ಹೆಚ್ಚುಕಡಿಮೆ 1 ಬಾರ್. ಬಾರ್ ಎಂಬುದು ಒತ್ತಡವನ್ನು ಅಳೆಯುವ ಒಂದು ಮಾನ. ಮುಳುಗುಗಾರರ ಸಿಲಿಂಡರಿನಲ್ಲಿ ಗಾಳಿಯನ್ನು ಸುಮಾರು 200 ಬಾರ್ ಒತ್ತಡದಲ್ಲಿ ತುಂಬಿರುತ್ತಾರೆ. ಇದು ಕಾರಿನ ಚಕ್ರದೊಳಗಿನ ಒತ್ತಡದ ಹೆಚ್ಚುಕಡಿಮೆ ನೂರು ಪಟ್ಟು! 12 ಲೀಟರ್ ನೀರು ಹಿಡಿಯುವ ಸಿಲಿಂಡರಿನಲ್ಲಿ ಹೀಗೆ ಅದುಮಿ ತುಂಬಿದರೆ 12 × 200 = 2400 ಲೀಟರ್ ಗಾಳಿ ಹಿಡಿಯುತ್ತದೆ. ಅಷ್ಟು ಗಾಳಿಯ ತೂಕವೇ ಸುಮಾರು 3 ಕಿಲೊಗ್ರಾಂ.

ಗಾಳಿ ಖರ್ಚಾದಂತೆ ಸಿಲಿಂಡರಿನ ಒತ್ತಡ ಇಳಿಯುತ್ತದೆ. 200 ಬಾರ್ ಇದ್ದದ್ದು 100 ಬಾರ್ ಆದರೆ ಅರ್ಧ ಗಾಳಿ ಮುಗಿಯಿತು ಎಂದರ್ಥ. ಆದ್ದರಿಂದ ಒತ್ತಡವನ್ನು ಅಳೆದರೆ ಸಾಕು, ಗಾಳಿಯ ಲೆಕ್ಕ ಸಿಕ್ಕಂತೆ.

ಆದರೆ ಇಲ್ಲಿ ಒಂದು ತೊಡಕಿದೆ. ಆಳಕ್ಕೆ ಹೋದಷ್ಟೂ ಗಾಳಿ ಬೇಗ ಮುಗಿಯುತ್ತದೆ. ಕಾರಣ ಏನು ಗೊತ್ತೇ? ಪ್ರತಿ 10 ಮೀಟರ್ ಆಳಕ್ಕೆ ನೀರಿನ ಒತ್ತಡ ಸುಮಾರು 1 ಬಾರ್ ಹೆಚ್ಚುತ್ತದೆ. ಮೇಲೆ 1 ಬಾರ್ ಇದ್ದದ್ದು 10 ಮೀಟರ್ ಆಳದಲ್ಲಿ 2 ಬಾರ್, 20 ಮೀಟರಿನಲ್ಲಿ 3 ಬಾರ್, 30 ಮೀಟರಿನಲ್ಲಿ 4 ಬಾರ್. ಅಲ್ಲಿ ಉಸಿರಾಡುವ ಗಾಳಿಯೂ ಅಷ್ಟೇ ಒತ್ತಡದಲ್ಲಿರಬೇಕು. ಹಾಗಾಗಿ ಒಂದೊಂದು ಉಸಿರಿಗೂ ಎರಡು, ಮೂರು, ನಾಲ್ಕು ಪಟ್ಟು ಗಾಳಿ ಬೇಕಾಗುತ್ತದೆ.

ಒಬ್ಬ ಮುಳುಗುಗಾರ ನೀರಿನ ಮೇಲೆ ನಿಮಿಷಕ್ಕೆ 20 ಲೀಟರ್ ಗಾಳಿ ಬಳಸುತ್ತಾನೆ ಎಂದುಕೊಳ್ಳಿ. 50 ಬಾರ್‌ನಷ್ಟು ಗಾಳಿಯನ್ನು ಅವನು ಆಪತ್ತಿಗೆಂದು ಮುಟ್ಟದೆ ಇಡುತ್ತಾನೆ. ಉಳಿದ 150 ಬಾರ್ ಎಂದರೆ 12 × 150 = 1800 ಲೀಟರ್. ಇದು ಎಷ್ಟು ಹೊತ್ತಿಗೆ ಸಾಕಾದೀತು?

ನೀರಿನ ಮೇಲೆ: 90 ನಿಮಿಷ
10 ಮೀಟರ್ ಆಳದಲ್ಲಿ: 45 ನಿಮಿಷ
20 ಮೀಟರ್ ಆಳದಲ್ಲಿ: 30 ನಿಮಿಷ
30 ಮೀಟರ್ ಆಳದಲ್ಲಿ: ಇಪ್ಪತ್ತೆರಡೂವರೆ ನಿಮಿಷ

ಸಿಲಿಂಡರ್ ಅದೇ, ಗಾಳಿಯೂ ಅಷ್ಟೇ. ಆದರೂ ಸಮಯ ಬೇರೆ ಬೇರೆ. ಭಯವಾದರೆ, ಜೋರಾಗಿ ಈಜಿದರೆ ಉಸಿರಾಟ ಇನ್ನೂ ಹೆಚ್ಚುತ್ತದೆ. ಆದ್ದರಿಂದ ಬರೀ ಗಡಿಯಾರ ನೋಡಿ ಗಾಳಿಯನ್ನು ಅಂದಾಜು ಮಾಡುವಂತಿಲ್ಲ. ಒತ್ತಡವನ್ನು ಆಗಾಗ ನೋಡಲೇಬೇಕು.

ಕೊಳವೆಯಿಂದ ಪ್ರೇಷಕಕ್ಕೆ

ಹಿಂದಿನಿಂದ ಬಳಕೆಯಲ್ಲಿರುವುದು ಮುಳ್ಳಿನ ಒತ್ತಡಮಾಪಕ. ಸಿಲಿಂಡರಿನಿಂದ ಗಟ್ಟಿಯಾದ ರಬ್ಬರ್ ಕೊಳವೆಯೊಂದು ಮುಂದಕ್ಕೆ ಬರುತ್ತದೆ. ಅದರ ತುದಿಯಲ್ಲಿ ಗಡಿಯಾರದಂಥ ಮಾಪಕ ತೂಗುತ್ತದೆ. ಇದಕ್ಕೆ ಸೆಲ್ ಬೇಡವೇ ಬೇಡ. ಈಗಲೂ ಬಹಳ ಮಂದಿ ಇದನ್ನೇ ನಂಬಿದ್ದಾರೆ.

1990ರ ದಶಕದಲ್ಲಿ ಕೊಳವೆಯಿಲ್ಲದ ಹೊಸ ವಿಧಾನ ಬಂತು. ಸಿಲಿಂಡರಿನ ಬಾಯಿಗೆ ಜೋಡಿಸುವ ಭಾಗಕ್ಕೆ ಒಂದು ಪುಟ್ಟ ಟ್ರಾನ್ಸ್‌ಮಿಟರ್, ಅಂದರೆ ಪ್ರೇಷಕವನ್ನು ತಿರುಗಿಸಿ ಕೂರಿಸುತ್ತಾರೆ. ಅದರೊಳಗೆ ತೆಳುವಾದ ಪೊರೆಯೊಂದಿದೆ. ಗಾಳಿಯ ಒತ್ತಡಕ್ಕೆ ಪೊರೆ ಕೂದಲೆಳೆಯಷ್ಟೂ ಅಲ್ಲದ ಪ್ರಮಾಣದಲ್ಲಿ ಬಾಗುತ್ತದೆ. ಬಾಗಿದಾಗ ಅದರ ಮೇಲಿರುವ ವಸ್ತುವಿನ ವಿದ್ಯುತ್ ರೋಧ ಬದಲಾಗುತ್ತದೆ. ಆ ಬದಲಾವಣೆಯನ್ನು ಯಂತ್ರ ಸಂಖ್ಯೆಯಾಗಿ ಮಾರ್ಪಡಿಸಿ ಅಲೆಗಳ ಮೂಲಕ ಕಳುಹಿಸುತ್ತದೆ. ಮುಳುಗುಗಾರನ ಮಣಿಕಟ್ಟಿನಲ್ಲಿರುವ ಪುಟ್ಟ ಕಂಪ್ಯೂಟರ್ ಅದನ್ನು ಹಿಡಿದು ತೋರಿಸುತ್ತದೆ. ಎಷ್ಟು ಆಳ, ಎಷ್ಟು ಹೊತ್ತು, ಎಷ್ಟು ಗಾಳಿ ಎಲ್ಲವೂ ಒಂದೇ ಕಡೆ ಕಾಣುತ್ತದೆ.

ನೀರು ಅಲೆಯನ್ನು ನುಂಗುತ್ತದೆ

ಮೊಬೈಲ್ ಫೋನಿನ ಅಲೆ ಕಿಲೊಮೀಟರುಗಟ್ಟಲೆ ಹೋಗುತ್ತದೆ. ಆದರೆ ಕಡಲ ನೀರಿನಲ್ಲಿ ಅದು ಕೆಲವೇ ಸೆಂಟಿಮೀಟರಿನಲ್ಲಿ ಸೊರಗಿ ಹೋಗುತ್ತದೆ. ಉಪ್ಪುನೀರು ವಿದ್ಯುತ್ ವಾಹಕವಾದ್ದರಿಂದ ರೇಡಿಯೊ ಅಲೆಯ ಶಕ್ತಿಯನ್ನು ಹೀರಿಕೊಳ್ಳುತ್ತದೆ. ವೇಗವಾಗಿ ಕಂಪಿಸುವ ಅಲೆಯನ್ನು ಬೇಗ ಹೀರುತ್ತದೆ, ನಿಧಾನವಾಗಿ ಕಂಪಿಸುವ ಅಲೆಯನ್ನು ಸ್ವಲ್ಪ ದೂರ ಬಿಡುತ್ತದೆ. ಮುಳುಗಿರುವ ಜಲಾಂತರ್ಗಾಮಿಗಳಿಗೆ ಸಂದೇಶ ಕಳಿಸಲೂ ಇಂಥ ನಿಧಾನ ಕಂಪನದ ಅಲೆಗಳೇ ಬೇಕು. ತಮಿಳುನಾಡಿನ ತಿರುನೆಲ್ವೇಲಿಯ ಬಳಿ ಇರುವ ನಮ್ಮ ನೌಕಾಪಡೆಯ ಐಎನ್ಎಸ್ ಕಟ್ಟಬೊಮ್ಮನ್ ನೆಲೆ ಮಾಡುವ ಕೆಲಸ ಇದೇ.

ಅನೇಕ ಮುಳುಗು ಪ್ರೇಷಕಗಳು ಸೆಕೆಂಡಿಗೆ ಸುಮಾರು 38,000 ಸಲ ಕಂಪಿಸುವ ಅಲೆಯನ್ನು ಬಳಸುತ್ತವೆ. ಎಫ್ಎಂ ರೇಡಿಯೊ ಅಲೆ ಸೆಕೆಂಡಿಗೆ ಸುಮಾರು 10 ಕೋಟಿ ಸಲ ಕಂಪಿಸುತ್ತದೆ ಎಂಬುದನ್ನು ನೆನೆದರೆ ಇದು ಎಷ್ಟು ನಿಧಾನ ಎಂದು ತಿಳಿಯುತ್ತದೆ. ಆದರೂ ಈ ಸಂಕೇತ ತಲುಪುವುದು ಒಂದು ಮೀಟರಿನ ಆಸುಪಾಸು ಮಾತ್ರ. ಹೆಗಲ ಹಿಂದಿನಿಂದ ಮಣಿಕಟ್ಟಿಗೆ ಅಷ್ಟು ಸಾಕು. ಇನ್ನು ಕೆಲವು ಪ್ರೇಷಕಗಳು ರೇಡಿಯೊ ಅಲೆಯ ಬದಲು ಶಬ್ದದ ಅಲೆಯನ್ನೇ ಬಳಸುತ್ತವೆ. ಶಬ್ದ ನೀರಿನಲ್ಲಿ ಚೆನ್ನಾಗಿ ಸಾಗುತ್ತದಲ್ಲವೇ?

ಮಿತಭಾಷಿ ಯಂತ್ರ

ಪ್ರೇಷಕ ಒಂದೇ ಸಮನೆ ಮಾತನಾಡುತ್ತಿದ್ದರೆ ಸೆಲ್ ಬೇಗ ಬರಿದಾಗುತ್ತದೆ. ಅದಕ್ಕೇ ಅದು ಸುಮಾರು 5 ಸೆಕೆಂಡಿಗೊಮ್ಮೆ ಮಾತ್ರ, ಕಣ್ಣು ಮಿಟುಕಿಸುವಷ್ಟು ಹೊತ್ತು ಮಾತನಾಡಿ ಸುಮ್ಮನಾಗುತ್ತದೆ. ನಿಮ್ಮ ಮನೆಯ ಗೋಡೆ ಗಡಿಯಾರವೂ ಹೀಗೆಯೇ. ಸೆಕೆಂಡಿನ ಮುಳ್ಳು ಟಿಕ್ ಎಂದು ಹೆಜ್ಜೆ ಹಾಕುವ ಕ್ಷಣದಲ್ಲಿ ಮಾತ್ರ ಅದರ ಮೋಟಾರಿಗೆ ವಿದ್ಯುತ್ ಹರಿಯುತ್ತದೆ. ಅದಕ್ಕೇ ಒಂದು ಪೆನ್ಸಿಲ್ ಸೆಲ್ ವರ್ಷಗಟ್ಟಲೆ ಸಾಕಾಗುತ್ತದೆ.

ಇನ್ನೊಂದು ಜಾಣತನ ನೋಡಿ. ಹೆಚ್ಚಿನ ಪ್ರೇಷಕಗಳಲ್ಲಿ ಸ್ವಿಚ್ಚೇ ಇಲ್ಲ! ಸ್ವಿಚ್ಚಿನ ಸುತ್ತ ನೀರು ಒಳನುಗ್ಗುವ ಅಪಾಯವಿರುತ್ತದೆ. ಗಾಳಿಯ ಒತ್ತಡವೇ ಇಲ್ಲಿ ಸ್ವಿಚ್ಚು. ಸಿಲಿಂಡರಿನ ತಿರುಪು ತೆರೆದು ಒತ್ತಡ ಏರಿದ ಕೂಡಲೇ ಯಂತ್ರ ಎಚ್ಚರಗೊಳ್ಳುತ್ತದೆ. ಒತ್ತಡ ಸೊನ್ನೆಯ ಹತ್ತಿರಕ್ಕೆ ಇಳಿದ ಕೆಲವು ನಿಮಿಷಗಳಲ್ಲಿ ನಿದ್ದೆಗೆ ಜಾರುತ್ತದೆ.

ಇಲ್ಲಿಯೇ ಮುಳುಗುಗಾರರು ಒಂದು ವಿಷಯ ನೆನಪಿಡಬೇಕು. ದೋಣಿಗೆ ಹಿಂತಿರುಗಿದ ಮೇಲೆ ಸಿಲಿಂಡರಿನ ತಿರುಪು ಮುಚ್ಚಿದರೆ ಸಾಲದು. ಕೊಳವೆಗಳಲ್ಲಿ ಗಾಳಿ ಇನ್ನೂ ಉಳಿದಿರುತ್ತದೆ. ಬಾಯಿಗಿಡುವ ಸಾಧನದ ಗುಂಡಿ ಒತ್ತಿ ಆ ಗಾಳಿಯನ್ನು ಹೊರಬಿಡಬೇಕು. ಮರೆತರೆ ಪ್ರೇಷಕ "ನಾನಿನ್ನೂ ಕೆಲಸದಲ್ಲಿದ್ದೇನೆ" ಎಂದುಕೊಂಡು ಕೇಳುವವರಿಲ್ಲದಿದ್ದರೂ ಸಂಕೇತ ಕಳಿಸುತ್ತಲೇ ಇರಬಹುದು. ಕೆಲವು ಮಾದರಿಗಳು ಒತ್ತಡ ಐದು ನಿಮಿಷ ಬದಲಾಗದಿದ್ದರೆ ಮಿತವ್ಯಯಕ್ಕೆ ಹೊರಳುತ್ತವೆ. ಆದರೆ ಎಲ್ಲವೂ ಹಾಗಲ್ಲ.

ಸೆಲ್ ಎಷ್ಟು ಕಾಲ ಬಾಳುತ್ತದೆ?

ಪ್ರೇಷಕಗಳಲ್ಲಿ ಸಾಮಾನ್ಯವಾಗಿ 3 ವೋಲ್ಟಿನ ಲಿಥಿಯಂ ಸೆಲ್ ಇರುತ್ತದೆ. ಟಾರ್ಚಿನ ಸೆಲ್ಲಿನಲ್ಲಿ ಸತುವು ಇದ್ದಂತೆ ಇದರಲ್ಲಿ ಲಿಥಿಯಂ ಲೋಹ ಮತ್ತು ಮ್ಯಾಂಗನೀಸ್ ಡೈಆಕ್ಸೈಡ್ ಇರುತ್ತವೆ. ಮೊಬೈಲಿನ ಬ್ಯಾಟರಿಯಂತೆ ಇದನ್ನು ಮತ್ತೆ ಚಾರ್ಜ್ ಮಾಡಲಾಗದು. ಬಳಸದೆ ಇಟ್ಟರೆ ಹತ್ತು ವರ್ಷದವರೆಗೂ ಶಕ್ತಿ ಉಳಿಸಿಕೊಳ್ಳುವುದು ಇದರ ಗುಣ.

ಸಿಆರ್123ಎ ಎಂಬ ಗಾತ್ರದ ಸೆಲ್ ಸುಮಾರು 17 ಮಿಲಿಮೀಟರ್ ದಪ್ಪ, 34 ಮಿಲಿಮೀಟರ್ ಉದ್ದ. ಅದರ ಸಾಮರ್ಥ್ಯ ಸುಮಾರು 1500 ಮಿಲಿಆಂಪಿಯರ್-ಗಂಟೆ. ಅಂದರೆ 1 ಮಿಲಿಆಂಪಿಯರ್ ವಿದ್ಯುತ್ತನ್ನು 1500 ಗಂಟೆ ಕೊಡಬಲ್ಲದು. ಪ್ರೇಷಕ ಸರಾಸರಿ 5 ಮಿಲಿಆಂಪಿಯರ್ ಬಳಸುತ್ತದೆ ಎಂದುಕೊಂಡರೆ 1500 ÷ 5 = 300 ಗಂಟೆ. ದಿನಕ್ಕೊಂದು ಗಂಟೆ ಮುಳುಗಿದರೆ 300 ದಿನ! ಗಾಳಿ ಹೊರಬಿಡದೆ ಒಂದು ದಿನ, ಒಂದು ರಾತ್ರಿ ಹಾಗೇ ಬಿಟ್ಟರೋ, 24 ದಿನ ಬಳಸಬಹುದಾದ ಶಕ್ತಿ ಸುಮ್ಮನೆ ಪೋಲು. ಪ್ರೇಷಕಗಳ ತಯಾರಕರಲ್ಲಿ ಕೆಲವರು ಸುಮಾರು 100 ಮುಳುಗುಗಳಿಗೆ, ಇನ್ನು ಕೆಲವರು ಸುಮಾರು 300 ಗಂಟೆಗೆ ಸೆಲ್ ಸಾಕು ಎನ್ನುತ್ತಾರೆ. ಅದು ಸೆಲ್ಲಿನ ಗಾತ್ರ ಮತ್ತು ಯಂತ್ರದ ಖರ್ಚನ್ನು ಅವಲಂಬಿಸಿದೆ.

ಕೊನೆಯವರೆಗೂ ನಗುವ ಸೆಲ್

ಟಾರ್ಚಿನ ಸೆಲ್ ಹಳತಾದಂತೆ ಬೆಳಕು ದಿನದಿನಕ್ಕೆ ಮಂಕಾಗುತ್ತದೆ. "ಸೆಲ್ ಮುಗಿಯುತ್ತಾ ಬಂತು" ಎಂದು ಅಜ್ಜಿಯೂ ಹೇಳಿಬಿಡುತ್ತಾರೆ. ಆ ಸೆಲ್ಲಿನ 1.5 ವೋಲ್ಟ್ ನಿಧಾನವಾಗಿ, ಇಳಿಜಾರಿನಂತೆ ಇಳಿಯುತ್ತದೆ.

ಲಿಥಿಯಂ ಸೆಲ್ ಹಾಗಲ್ಲ. ತನ್ನ ಆಯಸ್ಸಿನ ಬಹುಪಾಲು 3 ವೋಲ್ಟಿನ ಹತ್ತಿರವೇ ಇರುತ್ತದೆ. ಕೊನೆಯಲ್ಲಿ ಬಂಡೆಯ ಅಂಚಿನಿಂದ ಬಿದ್ದಂತೆ ಥಟ್ಟನೆ ಕುಸಿಯುತ್ತದೆ. ಸಮತಟ್ಟಾಗಿ ನಡೆಯುವುದು ಯಂತ್ರಕ್ಕೆ ಒಳ್ಳೆಯದೇ. ಆದರೆ ಅರ್ಧ ಖಾಲಿಯಾದ ಸೆಲ್ಲಿಗೂ ಹೊಸ ಸೆಲ್ಲಿಗೂ ವೋಲ್ಟ್ ಅಳೆದು ವ್ಯತ್ಯಾಸ ಹೇಳುವುದು ಕಷ್ಟ. "ಸೆಲ್ ಕ್ಷೀಣಿಸಿದೆ" ಎಂದು ಕಂಪ್ಯೂಟರ್ ಎಚ್ಚರಿಸುವಾಗ ಉಳಿದಿರುವ ಶಕ್ತಿ ಸ್ವಲ್ಪವೇ.

ಇನ್ನೂ ಒಂದು ಗುಟ್ಟಿದೆ. ಸೆಲ್ಲಿನೊಳಗೂ ವಿದ್ಯುತ್ತಿಗೆ ಅಡ್ಡಿ ಇರುತ್ತದೆ. ಇದನ್ನು ಆಂತರಿಕ ರೋಧ ಎನ್ನುತ್ತಾರೆ. ಸೆಲ್ ಹಳತಾದಂತೆ, ತಣ್ಣಗಾದಂತೆ ಇದು ಹೆಚ್ಚುತ್ತದೆ. ಸುಮ್ಮನಿರುವ ಸೆಲ್ಲನ್ನು ಅಳೆದಾಗ 3 ವೋಲ್ಟ್ ತೋರಿಸಬಹುದು. ಪ್ರೇಷಕ ಸಂಕೇತ ಕಳಿಸಲು ಒಮ್ಮೆಲೇ ಹೆಚ್ಚು ವಿದ್ಯುತ್ ಎಳೆದ ಕ್ಷಣದಲ್ಲಿ ವೋಲ್ಟ್ ಕುಸಿದು ಯಂತ್ರ ಮೂಕವಾಗಬಹುದು. ದೋಣಿಯ ಮೇಲೆ ಬಿಸಿಲಿನಲ್ಲಿ ಸರಿಯಾಗಿದ್ದ ಪ್ರೇಷಕ ತಣ್ಣನೆಯ ನೀರಿನಲ್ಲಿ ಕೈಕೊಡುವುದು ಇದರಿಂದಲೇ. ಮುಗಿದ ಟಾರ್ಚ್ ಸೆಲ್ಲನ್ನು ಬಿಸಿಲಿಗಿಟ್ಟರೆ ಇನ್ನಷ್ಟು ಹೊತ್ತು ಉರಿಯುತ್ತದೆ ಎಂದು ಹಳ್ಳಿಗಳಲ್ಲಿ ಮಾಡುವುದುಂಟು. ಶಾಖಕ್ಕೆ ಒಳಗಿನ ರಾಸಾಯನಿಕ ಕ್ರಿಯೆ ಚುರುಕಾಗುವುದೇ ಅದಕ್ಕೆ ಕಾರಣ. ಆದರೆ ಲಿಥಿಯಂ ಸೆಲ್ಲನ್ನು ಮಾತ್ರ ಕಾಯಿಸಬಾರದು, ಅದು ಸಿಡಿಯಬಹುದು.

ಹಾಗಾದರೆ ಏನು ಮಾಡಬೇಕು? ಸೆಲ್ ಸಾಯುವವರೆಗೆ ಕಾಯಬಾರದು. ಹಾಕಿದ ದಿನಾಂಕ ಬರೆದಿಟ್ಟು, ಬಳಸಿದ ಗಂಟೆಗಳನ್ನು ಎಣಿಸುತ್ತಾ, ಮುಗಿಯುವ ಮೊದಲೇ ಬದಲಿಸಬೇಕು. ದೂರದ ಪ್ರವಾಸಕ್ಕೆ ಹೊರಡುವ ಮುನ್ನ ಹೊಸ ಸೆಲ್ ಹಾಕಿಕೊಳ್ಳುವುದು ಅನುಭವಸ್ಥರ ರೂಢಿ. ಇನ್ನೂ ಸ್ವಲ್ಪ ಶಕ್ತಿ ಉಳಿದ ಸೆಲ್ಲನ್ನು ತೆಗೆದರೆ ಅಲ್ಪ ನಷ್ಟ. ನೀರಿನ ಆಳದಲ್ಲಿ ಗಾಳಿಯ ಲೆಕ್ಕ ತಪ್ಪಿದರೆ ಆಗುವ ನಷ್ಟ ಬಹಳ ದೊಡ್ಡದು.

ಬದಲಿಸುವ ಕ್ರಮ

ಕೆಲವು ಪ್ರೇಷಕಗಳನ್ನು ತಯಾರಕರ ಸೇವಾಕೇಂದ್ರಕ್ಕೇ ಕೊಡಬೇಕು. ಹಲವನ್ನು ಬಳಸುವವರೇ ತೆರೆಯಬಹುದು. ಕ್ರಮ ಹೀಗಿದೆ:

1. ಗಾಳಿಯನ್ನೆಲ್ಲ ಹೊರಬಿಟ್ಟು ಪ್ರೇಷಕವನ್ನು ಬಿಚ್ಚಬೇಕು. ಒತ್ತಡ ಇರುವಾಗ ಬಿಚ್ಚಲೇಬಾರದು.
2. ಸಿಹಿನೀರಿನಲ್ಲಿ ತೊಳೆದು, ಪೂರ್ತಿ ಒರೆಸಿ, ಒಣಗಿದ ಮೇಲೆಯೇ ಮುಚ್ಚಳ ತೆಗೆಯಬೇಕು.
3. ಹೇಳಿದ ಗಾತ್ರದ, ಹೇಳಿದ ವೋಲ್ಟಿನ ಸೆಲ್ಲನ್ನೇ ಹಾಕಬೇಕು. ಅದೇ ಗಾತ್ರದ ಚಾರ್ಜ್ ಮಾಡುವ ಸೆಲ್‌ಗಳ ವೋಲ್ಟ್ ಹೆಚ್ಚಿರಬಹುದು, ಅದರಿಂದ ಯಂತ್ರ ಕೆಡಬಹುದು.
4. + ಮತ್ತು – ತುದಿಗಳು ಸರಿಯಾದ ದಿಕ್ಕಿನಲ್ಲಿರಬೇಕು.
5. ಮುಚ್ಚಳದ ರಬ್ಬರ್ ಉಂಗುರವನ್ನು ಪರೀಕ್ಷಿಸಬೇಕು. ಬಿರುಕಿದ್ದರೆ ಹೊಸದು ಹಾಕಿ, ತಯಾರಕರು ಹೇಳಿದ ಗ್ರೀಸನ್ನು ತೆಳುವಾಗಿ ಸವರಬೇಕು.
6. ಮುಚ್ಚಳ ಬಿಗಿ ಮಾಡಿ, ಸಿಲಿಂಡರಿಗೆ ಜೋಡಿಸಿ, ಮಣಿಕಟ್ಟಿನ ಕಂಪ್ಯೂಟರಿನಲ್ಲಿ ಒತ್ತಡ ಕಾಣುತ್ತದೆಯೇ ಎಂದು ದಡದಲ್ಲೇ ನೋಡಬೇಕು.

ಐದನೆಯ ಹೆಜ್ಜೆ ಎಲ್ಲಕ್ಕಿಂತ ನಾಜೂಕು. ಕುಕ್ಕರಿನ ಗ್ಯಾಸ್ಕೆಟ್ ಮೇಲೆ ಒಂದು ಅನ್ನದ ಅಗುಳು ಅಂಟಿದ್ದರೂ ಹಬೆ ಸೋರುವುದನ್ನು ನೋಡಿದ್ದೀರಲ್ಲವೇ? ಇಲ್ಲಿ ಒಂದು ಕೂದಲು, ಒಂದು ಮರಳಿನ ಕಣ ಸಾಕು. 30 ಮೀಟರ್ ಆಳದಲ್ಲಿ ನೀರು ಪ್ರತಿ ಚದರ ಸೆಂಟಿಮೀಟರಿನ ಮೇಲೆ ಸುಮಾರು 3 ಕಿಲೊಗ್ರಾಂ ಭಾರದಷ್ಟು ಒತ್ತುತ್ತಿರುತ್ತದೆ. ಸಣ್ಣ ಸಂದು ಸಿಕ್ಕಿದರೂ ಒಳಗೆ ನುಗ್ಗುತ್ತದೆ. ಲಿಥಿಯಂ ಲೋಹಕ್ಕೆ ನೀರು ತಾಗಿದರೆ ಹೈಡ್ರೋಜನ್ ಅನಿಲ ಹುಟ್ಟುತ್ತದೆ. ಹಾಗಾಗಿ ಒಳಗೆ ನೀರು ಹೋದ ಪ್ರೇಷಕವನ್ನು ಬಲ್ಲವರೇ ತೆರೆಯಬೇಕು.

ತೆಗೆದ ಹಳೆಯ ಸೆಲ್ಲನ್ನು ಕಡಲಿಗಾಗಲಿ, ಬೆಂಕಿಗಾಗಲಿ ಎಸೆಯಬಾರದು. ತುದಿಗಳಿಗೆ ಅಂಟುಪಟ್ಟಿ ಸುತ್ತಿ, ಹಳೆಯ ಬ್ಯಾಟರಿ ಸಂಗ್ರಹಿಸುವಲ್ಲಿಗೆ ಕೊಡಬೇಕು. ಇದಕ್ಕಾಗಿ ಕೇಂದ್ರ ಸರ್ಕಾರ 2022ರಲ್ಲಿ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳನ್ನು ಹೊರಡಿಸಿದೆ.

ಆಳದಲ್ಲೇ ಸೆಲ್ ಮುಗಿದರೆ?

ಸೆಲ್ ಮುಗಿದರೆ ಗಾಳಿ ಬರುವುದು ನಿಲ್ಲುತ್ತದೆಯೇ? ಇಲ್ಲ. ಗಾಳಿ ಕೊಡುವ ಸಾಧನಕ್ಕೆ ವಿದ್ಯುತ್ ಬೇಕಿಲ್ಲ. ನಿಲ್ಲುವುದು ಸುದ್ದಿ ಮಾತ್ರ. ಸಂಕೇತ ಬಾರದೆ ಸ್ವಲ್ಪ ಹೊತ್ತಾದರೆ ಕಂಪ್ಯೂಟರ್ ಸಂಖ್ಯೆಯನ್ನು ಅಳಿಸಿ ಬರೀ ಗೆರೆಗಳನ್ನು ತೋರಿಸುತ್ತದೆ. ಹಳೆಯ ಸಂಖ್ಯೆಯನ್ನೇ ತೋರಿಸುತ್ತಾ ಇದ್ದರೆ ಮುಳುಗುಗಾರ ಇನ್ನೂ ಗಾಳಿಯಿದೆ ಎಂದು ಮೋಸಹೋಗುತ್ತಿದ್ದ. ತಪ್ಪು ಉತ್ತರಕ್ಕಿಂತ "ಗೊತ್ತಿಲ್ಲ" ಎನ್ನುವುದೇ ಮೇಲು!

ಆಗ ಮುಳುಗುಗಾರ ಗಾಬರಿಯಾಗುವುದಿಲ್ಲ. ಜೊತೆಗಾರನಿಗೆ ಕೈಸನ್ನೆ ಮಾಡುತ್ತಾನೆ. ಮುಳ್ಳಿನ ಮಾಪಕವೂ ಇದ್ದರೆ ಅದನ್ನು ನೋಡುತ್ತಾನೆ. ಇಲ್ಲದಿದ್ದರೆ ಮುಳುಗನ್ನು ಅಲ್ಲಿಗೇ ಮುಗಿಸಿ, ಉಸಿರಾಡುತ್ತಲೇ ನಿಧಾನವಾಗಿ ಇಬ್ಬರೂ ಒಟ್ಟಿಗೆ ಮೇಲೇರುತ್ತಾರೆ. ಒಂದು ಕೈಕೊಟ್ಟರೆ ಇನ್ನೊಂದು ಇರಲಿ ಎಂದು ಅನೇಕರು ಎರಡೂ ಮಾಪಕಗಳನ್ನು ಇಟ್ಟುಕೊಂಡಿರುತ್ತಾರೆ.

ಮಾಡಿ ನೋಡಿ

ಆಟದ ಕಾರಿನಲ್ಲಿ ಬಳಸಿ ಮುಗಿದ ಪೆನ್ಸಿಲ್ ಸೆಲ್ ಒಂದನ್ನು ತೆಗೆದುಕೊಳ್ಳಿ. ಅದನ್ನು ಹಿರಿಯರ ಸಹಾಯದಿಂದ ಗೋಡೆ ಗಡಿಯಾರಕ್ಕೆ ಹಾಕಿ. ಕಾರನ್ನು ಓಡಿಸಲಾಗದ ಸೆಲ್ ಗಡಿಯಾರವನ್ನು ನಡೆಸಬಹುದು! ಕಾರಿನ ಮೋಟಾರಿಗೆ ಹೆಚ್ಚು ವಿದ್ಯುತ್ ಬೇಕು, ಗಡಿಯಾರಕ್ಕೆ ತೀರಾ ಕಡಿಮೆ ಸಾಕು. ಎಷ್ಟು ದಿನ ನಡೆಯಿತು ಎಂದು ಬರೆದಿಡಿ. ಕೊನೆಯಲ್ಲಿ ಸೆಕೆಂಡಿನ ಮುಳ್ಳು ಒಂದೇ ಕಡೆ ನಡುಗುವುದನ್ನು ಗಮನಿಸಿ. ಆಗ ಸೆಲ್ಲನ್ನು ಕೂಡಲೇ ತೆಗೆಯಿರಿ, ಇಲ್ಲದಿದ್ದರೆ ಅದು ಸೋರಿ ಗಡಿಯಾರ ಹಾಳಾಗುತ್ತದೆ. ಎಚ್ಚರಿಕೆ: ಯಾವ ಸೆಲ್ಲನ್ನೂ ಒಡೆಯಬೇಡಿ, ಬೆಂಕಿಗೆ ಹಾಕಬೇಡಿ.

ಲೆಕ್ಕ ಮಾಡಿ, ಯೋಚಿಸಿ

1. 10 ಲೀಟರ್ ಸಿಲಿಂಡರಿನಲ್ಲಿ 200 ಬಾರ್ ಗಾಳಿಯಿದೆ. ಆಪತ್ತಿಗೆ 50 ಬಾರ್ ಉಳಿಸಬೇಕು. ನೀರಿನ ಮೇಲೆ ನಿಮಿಷಕ್ಕೆ 20 ಲೀಟರ್ ಗಾಳಿ ಬಳಸುವವರು 20 ಮೀಟರ್ ಆಳದಲ್ಲಿ ಎಷ್ಟು ನಿಮಿಷ ಇರಬಹುದು?
2. ಸೆಲ್ಲಿನ ಸಾಮರ್ಥ್ಯ 800 ಮಿಲಿಆಂಪಿಯರ್-ಗಂಟೆ. ಪ್ರೇಷಕದ ಸರಾಸರಿ ಬಳಕೆ 4 ಮಿಲಿಆಂಪಿಯರ್. ಗಾಳಿ ಹೊರಬಿಡುವುದನ್ನು ಮರೆತು ಮೂರು ಸಲ, ಪ್ರತಿ ಸಲ 20 ಗಂಟೆ ಬಿಟ್ಟರೆ, ಮುಳುಗಲು ಎಷ್ಟು ಗಂಟೆ ಉಳಿಯುತ್ತದೆ?
3. ಲಿಥಿಯಂ ಸೆಲ್ಲಿನ ವೋಲ್ಟ್ ಅಳೆದು ಅದರ ಆಯಸ್ಸನ್ನು ಹೇಳುವುದು ಏಕೆ ಕಷ್ಟ?

ಉತ್ತರಗಳು: 1. ಬಳಸಬಹುದಾದ ಗಾಳಿ 1500 ಲೀಟರ್. ಆ ಆಳದಲ್ಲಿ ನಿಮಿಷಕ್ಕೆ 60 ಲೀಟರ್ ಬೇಕು. ಆದ್ದರಿಂದ 25 ನಿಮಿಷ. 2. ಒಟ್ಟು 200 ಗಂಟೆ. ಪೋಲಾದದ್ದು 60 ಗಂಟೆ. ಉಳಿಯುವುದು 140 ಗಂಟೆ. 3. ಅದರ ವೋಲ್ಟ್ ಕೊನೆಯ ಹಂತದವರೆಗೂ ಹೆಚ್ಚುಕಡಿಮೆ ಒಂದೇ ಸಮನಾಗಿದ್ದು, ಆಮೇಲೆ ಥಟ್ಟನೆ ಕುಸಿಯುತ್ತದೆ.